ಯಾರು ನಡೆದರೆ ‘ವಾಕಿಂಗ್’, ಯಾರು ನಡೆದರೆ ಅಪರಾಧ?

ಕನ್ನಡದಲ್ಲಿ ನಾವೀಗ ಎರಡು ಥರ ನಡೀತೀವಿ. ಒಂದು ‘ನಡೆಯೋದು’, ಇನ್ನೊಂದು ‘ವಾಕಿಂಗ್’. ನಿವೃತ್ತ ಮೇಷ್ಟ್ರು ಬೆಳಗ್ಗೆ ಆರಕ್ಕೆ ಶೂ ಹಾಕಿಕೊಂಡು ಪಾರ್ಕು ಸುತ್ತಿದರೆ ಅದು ವಾಕಿಂಗ್. ಅದೇ ಹೊತ್ತಿಗೆ, ಅದೇ ಪಾರ್ಕಿನ ಹೊರಗಿನ ಬೀದಿಗಳನ್ನು ಒಂದೊಂದಾಗಿ ಗುಡಿಸಿಕೊಂಡು ಹೋಗುವ ಪೌರಕಾರ್ಮಿಕ ಮಹಿಳೆ ಮೇಷ್ಟ್ರಿಗಿಂತ ಎಷ್ಟೋ ಹೆಚ್ಚು ಹೆಜ್ಜೆ ಹಾಕಿರುತ್ತಾರೆ. ಆದರೆ ಅವರು ‘ವಾಕಿಂಗ್ ಮಾಡಿದರು’ ಅಂತ ಯಾರೂ ಹೇಳಲ್ಲ. ಬಸ್ಸಿಲ್ಲದ ಊರಿನ ಹುಡುಗಿ ಹೈಸ್ಕೂಲಿಗೆ ಹೋಗೋದು ನಡೆದು. ಶುಗರ್ ಜಾಸ್ತಿಯಾದವರಿಗೆ ಡಾಕ್ಟರು ಹೇಳೋದು ವಾಕಿಂಗ್. ಇಂಗ್ಲಿಷಿನಿಂದ ಈ ಪದವನ್ನು ಸಾಲ ತಂದಾಗ ನಾವು ಅದರ ಒಂದೇ ಒಂದು ಅರ್ಥವನ್ನು ಆರಿಸಿ ತಂದಿದ್ದೇವೆ: ನಡೆಯಲೇಬೇಕಾದ ಅಗತ್ಯ ಇಲ್ಲದವರ ನಡಿಗೆ.

ನಾನು ಸುದ್ದಿಮನೆಯಲ್ಲಿ ಇಂಗ್ಲಿಷ್ ಏಜೆನ್ಸಿ ಕಾಪಿಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ‘ವಾಕ್’ನಷ್ಟು ಸಾಧುವಾಗಿ ಕಂಡು, ಕೊನೆಗೆ ಕೈಕೊಡುವ ಪದ ಇನ್ನೊಂದನ್ನು ನಾನು ಕಂಡಿಲ್ಲ. ವಿರೋಧ ಪಕ್ಷದ ವಾಕೌಟ್, ಅವಿರೋಧ ಆಯ್ಕೆಯ ವಾಕೋವರ್, ಯುದ್ಧದ ಕೇಕ್‌ವಾಕ್, ರಸ್ತೆಯ ಜೇವಾಕಿಂಗ್, ಪೊಲೀಸರ ಪರ್ಪ್ ವಾಕ್. ಎಲ್ಲದರಲ್ಲೂ ಇರೋದು ಅದೇ ನಾಲ್ಕಕ್ಷರದ ಪದ. ಆದರೆ ಪ್ರತಿ ಸಲ ಕನ್ನಡದಲ್ಲಿ ಬೇರೆ ಪದ ಹುಡುಕಬೇಕು, ಏಕೆಂದರೆ ಪ್ರತಿ ಸಲ ನಡೆಯುತ್ತಿರುವವರು ಬೇರೆ, ನಡೆಸುತ್ತಿರುವವರು ಬೇರೆ. ಡಿಕ್ಷನರಿಯಲ್ಲಿ ಈ ಪದಕ್ಕೆ ಪುಟಗಟ್ಟಲೆ ಅರ್ಥಗಳಿವೆ. ಅಷ್ಟನ್ನೂ ಇಲ್ಲಿ ಹರಡೋಕೆ ಹೋಗಲ್ಲ. ರಾಜಕೀಯದ ಜತೆ ನೇರ ವ್ಯವಹಾರ ಇರುವ ಕೆಲವನ್ನು ಮಾತ್ರ ಬಿಡಿಸಿ ನೋಡೋಣ.

ಬಟ್ಟೆ ತುಳಿಯುವವರ ಪದ

ಮೊದಲಿಗೆ ಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ಇದ್ದ ಅರ್ಥ ನಡೆಯೋದಲ್ಲ. ಹೊರಳು, ಉರುಳು, ಅತ್ತಿತ್ತ ಹೊಯ್ದಾಡು ಅನ್ನೋದು. ಎರಡು ಕಾಲ ಮೇಲೆ ಹೋಗೋದು ಅನ್ನುವ ಇವತ್ತಿನ ಅರ್ಥ ಗಟ್ಟಿಯಾಗಿದ್ದು ಸುಮಾರು 13ನೇ ಶತಮಾನದ ಹೊತ್ತಿಗೆ. ಆದರೆ ಅದಕ್ಕೂ ಮೊದಲೇ ‘ವಾಕರ್’ ಎಂಬ ಕಸುಬುದಾರರು ಇದ್ದರು. ನೇಯ್ದು ಬಂದ ಉಣ್ಣೆ ಬಟ್ಟೆಯನ್ನು ತೊಟ್ಟಿಗೆ ಹಾಕಿ, ನೀರು, ಜೇಡಿಮಣ್ಣು, ಹಳಸಿದ ಮೂತ್ರ ಬೆರೆಸಿ, ಗಂಟೆಗಟ್ಟಲೆ ಬರಿಗಾಲಲ್ಲಿ ತುಳಿಯೋದು ಅವರ ಕೆಲಸ. ತುಳಿದಂತೆಲ್ಲ ಜಿಡ್ಡು ಬಿಟ್ಟು, ಎಳೆಗಳು ಬಿಗಿದು ಬಟ್ಟೆ ದಪ್ಪವಾಗುತ್ತಿತ್ತು. ಇಂಗ್ಲೆಂಡಿನ ಒಂದೊಂದು ಸೀಮೆಯಲ್ಲಿ ಈ ಕಸುಬಿಗೆ ಒಂದೊಂದು ಹೆಸರು: ಒಂದು ಕಡೆ ಫುಲ್ಲರ್, ಇನ್ನೊಂದು ಕಡೆ ಟಕ್ಕರ್, ಮತ್ತೊಂದು ಕಡೆ ವಾಕರ್. ಮೂರೂ ಇವತ್ತು ಇಂಗ್ಲಿಷ್ ಮನೆತನದ ಹೆಸರುಗಳು. ಬಾರ್‌ಗಳಲ್ಲಿ ಟೋಪಿ ಹಾಕಿ ಠೀವಿಯಿಂದ ಹೆಜ್ಜೆ ಹಾಕುವ ವಿಸ್ಕಿ ಬಾಟಲಿಯ ಸಾಹೇಬರ ಮನೆತನದ ಹೆಸರೂ ಹೀಗೆ ಮೂತ್ರದ ತೊಟ್ಟಿಯಿಂದಲೇ ಎದ್ದು ಬಂದದ್ದು.

ಅದೇ ಹೆಸರು ಸಾಗರ ದಾಟಿ ಅಮೆರಿಕಕ್ಕೆ ಹೋಗಿ ಕರಿಯ ಗುಲಾಮ ಕುಟುಂಬಗಳಿಗೂ ಅಂಟಿತು. ‘ದಿ ಕಲರ್ ಪರ್ಪಲ್’ ಕಾದಂಬರಿ ಬರೆದ ಆಲಿಸ್ ವಾಕರ್ ಮದುವೆಯಾದ ಮೇಲೂ ತಮ್ಮ ಹುಟ್ಟುಮನೆಯ ಹೆಸರನ್ನೇ ಉಳಿಸಿಕೊಂಡರು. ಅದಕ್ಕೆ ಅವರು ಕೊಟ್ಟ ಕಾರಣ ಅವರ ಮುತ್ತಜ್ಜಿಯ ಕಾಲದ ಒಬ್ಬ ಹೆಂಗಸು. ಗುಲಾಮಳಾಗಿದ್ದ ಆಕೆ ಎರಡು ಕೂಸುಗಳನ್ನು ಎರಡು ಸೊಂಟದ ಮೇಲಿಟ್ಟುಕೊಂಡು ವರ್ಜೀನಿಯಾದಿಂದ ಜಾರ್ಜಿಯಾದವರೆಗೆ ನಡೆದಿದ್ದಳು. ಹೆಸರು ಮಾಲೀಕರಿಂದ ಬಂದದ್ದಿರಬಹುದು, ನಡೆದದ್ದು ಮಾತ್ರ ಅವಳೇ.

ಹೊರನಡೆದವರ ಲೆಕ್ಕ

ನಮ್ಮ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣಿಸುವ ‘ವಾಕ್’ ಅಂದರೆ ವಾಕೌಟ್. ಕನ್ನಡದಲ್ಲಿ ನಾವಿದಕ್ಕೆ ‘ಸಭಾತ್ಯಾಗ’ ಅನ್ನುತ್ತೇವೆ. ಎಷ್ಟು ಭಾರವಾದ ಪದ ನೋಡಿ. ಇಂಗ್ಲಿಷಿನಲ್ಲಿ ಬರೀ ‘ಎದ್ದು ಹೊರಗೆ ಹೋದರು’ ಅಂತಿದೆ. ಕನ್ನಡಕ್ಕೆ ಬರುವಾಗ ಅದಕ್ಕೆ ‘ತ್ಯಾಗ’ ಸೇರಿಕೊಂಡಿದೆ. ಏನನ್ನು ತ್ಯಾಗ ಮಾಡಿದರು ಅಂತ ಕೇಳಿಕೊಳ್ಳದೆ ಹೋದರೆ ಈ ಪದ ನಮ್ಮನ್ನು ದಾರಿ ತಪ್ಪಿಸುತ್ತದೆ.

ಕೆಲವು ಸಲ ನಿಜಕ್ಕೂ ಅದೊಂದು ಪ್ರತಿಭಟನೆ. ಹಿಂದೂ ಕೋಡ್ ಬಿಲ್‌ಗೆ ಆದ ಗತಿ ನೋಡಿ ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟಿದ್ದ ಅಂಬೇಡ್ಕರ್, 1951ರ ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ ತಮ್ಮ ರಾಜೀನಾಮೆಯ ಹೇಳಿಕೆ ಓದಲು ಎದ್ದರು. ಹೇಳಿಕೆಯ ಪ್ರತಿಯನ್ನು ಮುಂಚೆಯೇ ಕೊಡಬೇಕಿತ್ತು, ಈಗಲ್ಲ ಆಮೇಲೆ ಮಾತಾಡಿ ಎಂಬ ತಗಾದೆ ಎದ್ದಿತು. ಅಂಬೇಡ್ಕರ್ ಸದನದಿಂದ ಹೊರನಡೆದರು, ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಒಳಗೆ ಆಡಲು ಬಿಡದ ಮಾತನ್ನು ಹೊರಗೆ ಆಡಿದ ನಡಿಗೆ ಅದು. ಲಾಸ್ ಏಂಜಲೀಸ್‌ನಲ್ಲಿ 1968ರ ಮಾರ್ಚ್‌ನಲ್ಲಿ ಸಾವಿರಾರು ಮೆಕ್ಸಿಕನ್ ಅಮೆರಿಕನ್ ಹೈಸ್ಕೂಲ್ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದದ್ದನ್ನೂ ವಾಕೌಟ್ ಎಂದೇ ಕರೆಯುತ್ತಾರೆ. 2018ರ ನವೆಂಬರ್ 1ರಂದು ಜಗತ್ತಿನ ಹಲವು ಊರುಗಳಲ್ಲಿ ಸುಮಾರು 20,000 ಗೂಗಲ್ ನೌಕರರು ಕಚೇರಿಯಿಂದ ಹೊರಬಂದರು. ಲೈಂಗಿಕ ಕಿರುಕುಳದ ಆರೋಪ ಎದುರಿಸಿದ ಹಿರಿಯರನ್ನು ಕೈತುಂಬ ಹಣ ಕೊಟ್ಟು ಬೀಳ್ಕೊಟ್ಟ ರೀತಿಗೆ ಅವರ ವಿರೋಧ ಇತ್ತು. ಇಲ್ಲೆಲ್ಲ ಹೊರನಡೆದವರಿಗೆ ಒಳಗಿದ್ದ ಕೆಲಸವೇ ಅಸ್ತ್ರ. ಅವರಿಲ್ಲದಿದ್ದರೆ ಶಾಲೆ ನಡೆಯಲ್ಲ, ಆಫೀಸು ನಡೆಯಲ್ಲ.

ಶಾಸನಸಭೆಯ ಕತೆ ಹಾಗಲ್ಲ. ಅಲ್ಲಿ ನೀವು ಎದ್ದು ಹೋದರೂ ಸದನ ನಡೆಯುತ್ತದೆ. ಸಂವಿಧಾನದ 100ನೇ ವಿಧಿಯ ಪ್ರಕಾರ ಸಾಮಾನ್ಯ ಮಸೂದೆಗೆ ಬೇಕಿರುವುದು ‘ಹಾಜರಿದ್ದು ಮತ ಹಾಕಿದವರ’ ಬಹುಮತ. ಒಟ್ಟು ಸದಸ್ಯರ ಬಹುಮತ ಅಲ್ಲ. ಕೋರಂಗೆ ಹತ್ತನೇ ಒಂದು ಭಾಗ ಇದ್ದರೆ ಸಾಕು. ಅಂದರೆ ನೂರು ಜನರ ಸದನದಲ್ಲಿ ಇಪ್ಪತ್ತು ಮಂದಿ ಹೊರನಡೆದರೆ ಉಳಿದ ಎಂಬತ್ತರಲ್ಲಿ ನಲವತ್ತೊಂದು ಸಿಕ್ಕರೆ ಮಸೂದೆ ಪಾಸು. ಹೊರನಡೆದವರು ಮಸೂದೆಯ ವಿರುದ್ಧ ಇದ್ದರೆ, ಅವರ ನಡಿಗೆಯಿಂದ ಲಾಭ ಆದದ್ದು ಯಾರಿಗೆ?

2019ರ ಜುಲೈ 30ನ್ನು ನೆನಪಿಸಿಕೊಳ್ಳಿ. ತ್ರಿವಳಿ ತಲಾಖ್ ಮಸೂದೆ ರಾಜ್ಯಸಭೆಗೆ ಬಂದಿತ್ತು. ಆಗ ಅಲ್ಲಿ ಎನ್‌ಡಿಎಗೆ ಸ್ವಂತ ಬಹುಮತ ಇರಲಿಲ್ಲ. ಮಸೂದೆಯನ್ನು ಒಪ್ಪುವುದಿಲ್ಲ ಎಂದ ಮಿತ್ರಪಕ್ಷ ಜೆಡಿಯು ಸಭಾತ್ಯಾಗ ಮಾಡಿತು, ಎಐಎಡಿಎಂಕೆ ಕೂಡ ಹೊರನಡೆಯಿತು. ಮತದಾನದ ಫಲಿತಾಂಶ 99–84. ಅಂತರ 15. ಹೊರಗೆ ಹೋದವರು ಒಳಗೆ ಕೂತು ವಿರುದ್ಧ ಮತ ಹಾಕಿದ್ದರೆ ಲೆಕ್ಕವೇ ಬೇರೆ ಇರುತ್ತಿತ್ತು. ತಮ್ಮ ಮತದಾರರಿಗೆ ‘ನಾವು ವಿರೋಧಿಸಿದೆವು’ ಅಂತ ಹೇಳಿಕೊಳ್ಳಬಹುದು, ದಿಲ್ಲಿಗೆ ‘ನಾವು ಅಡ್ಡ ಬರಲಿಲ್ಲ’ ಅಂತಲೂ ಹೇಳಬಹುದು. ಒಂದೇ ನಡಿಗೆಯಲ್ಲಿ ಎರಡು ದಿಕ್ಕು. ಮಸೂದೆ ಸರಿಯೋ ತಪ್ಪೋ ಅನ್ನೋದು ಬೇರೆಯೇ ಚರ್ಚೆ. ನಾನು ಹೇಳ್ತಿರೋದು ಇಷ್ಟೇ: ‘ವಿಪಕ್ಷಗಳ ಸಭಾತ್ಯಾಗ’ ಅಂತ ಶೀರ್ಷಿಕೆ ಓದಿದಾಗ ಅದರ ಕೆಳಗೆ ಮತಗಳ ಸಂಖ್ಯೆ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ನಿಮಗೆ ಅರ್ಧ ಸುದ್ದಿ ಮಾತ್ರ ಸಿಕ್ಕಿದೆ.

ಇದರ ಅಣ್ಣ ವಾಕೋವರ್. ಇದು ಕುದುರೆ ರೇಸಿನಿಂದ ಬಂದ ಮಾತು. ಪಂದ್ಯದಲ್ಲಿ ಒಂದೇ ಕುದುರೆ ಉಳಿದಿದ್ದರೂ ಅದು ಬಹುಮಾನ ಪಡೆಯಬೇಕಾದರೆ ಟ್ರ್ಯಾಕಿನ ಮೇಲೆ ಸುಮ್ಮನೆ ನಡೆದಾದರೂ ಗುರಿ ಮುಟ್ಟಬೇಕಿತ್ತು. ಓಡುವ ಅಗತ್ಯ ಇಲ್ಲ, ನಡೆದರೆ ಸಾಕು. ನಮ್ಮ ಚುನಾವಣೆಯಲ್ಲಿ ಅಷ್ಟೂ ಬೇಡ. ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 53(2)ರ ಪ್ರಕಾರ ಕಣದಲ್ಲಿ ಒಬ್ಬರೇ ಉಳಿದರೆ ಚುನಾವಣಾಧಿಕಾರಿ ಅವರನ್ನೇ ಗೆದ್ದವರೆಂದು ಘೋಷಿಸಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಸೂರತ್‌ನಲ್ಲಿ ಆದದ್ದು ಅದೇ. ಸೂಚಕರ ಸಹಿಯ ತಕರಾರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಉಳಿದವರೆಲ್ಲ ನಾಮಪತ್ರ ಹಿಂಪಡೆದರು, ಏಪ್ರಿಲ್ 22ರಂದು ಬಿಜೆಪಿಯ ಮುಕೇಶ್ ದಲಾಲ್ ಆಯ್ಕೆಯಾದರು ಎಂದು ಪ್ರಕಟವಾಯಿತು. ಕ್ಷೇತ್ರದ ಲಕ್ಷಾಂತರ ಮತದಾರರಿಗೆ ನೋಟಾ ಒತ್ತಲಿಕ್ಕೂ ಮತಯಂತ್ರ ಸಿಗಲಿಲ್ಲ. ಮತಗಟ್ಟೆಗೆ ನಡೆದು ಹೋಗುವ ಅವಕಾಶ ತಪ್ಪಿದ್ದು ಮತದಾರರಿಗೆ. ವಾಕೋವರ್ ಸಿಕ್ಕಿದ್ದು ಅಭ್ಯರ್ಥಿಗೆ.

ಇನ್ನು ಕೇಕ್‌ವಾಕ್. ‘ಈ ಸಲ ಅವರಿಗೆ ಚುನಾವಣೆ ಕೇಕ್‌ವಾಕ್’ ಅಂತ ಟಿವಿ ಆ್ಯಂಕರ್‌ಗಳು ಕನ್ನಡದಲ್ಲೇ ಹೇಳ್ತಾರೆ. ನೀರು ಕುಡಿದಷ್ಟು ಸುಲಭ ಅನ್ನೋ ಅರ್ಥದಲ್ಲಿ. ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಲ್ಲಿ ಗುಲಾಮರು ತಮ್ಮ ಬಿಳಿಯ ಯಜಮಾನರ ಗತ್ತಿನ ನೃತ್ಯ, ಬಿಗಿದ ನಡಿಗೆಯನ್ನು ಅಣಕಿಸುತ್ತಾ ಜೋಡಿಯಾಗಿ ಹೆಜ್ಜೆ ಹಾಕುತ್ತಿದ್ದರು. ಯಜಮಾನರೇ ಕೂತು ನೋಡಿ ನಗುತ್ತಿದ್ದರು, ಚೆನ್ನಾಗಿ ನಡೆದವರಿಗೆ ಬಹುಮಾನವಾಗಿ ಕೇಕ್ ಕೊಡುತ್ತಿದ್ದರು. ತಮ್ಮನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನೋದು ಎಷ್ಟು ಯಜಮಾನರಿಗೆ ಹೊಳೆದಿತ್ತೋ. ಆಮೇಲೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ವೇದಿಕೆಯ ಮೇಲೆ ಅದನ್ನೇ ಕರಿಯರ ಅಣಕವಾಗಿ ಆಡಿದರು. ಅಣಕದ ಅಣಕ. ಕೊನೆಗೆ ಗುಲಾಮರೂ ಹೋಗಿ, ಅಣಕವೂ ಹೋಗಿ, ‘ಸಲೀಸು’ ಅನ್ನೋ ಅರ್ಥ ಮಾತ್ರ ಉಳಿಯಿತು. 2002ರ ಫೆಬ್ರವರಿಯಲ್ಲಿ, ಅಮೆರಿಕದ ರಕ್ಷಣಾ ವಲಯದಲ್ಲಿ ಪ್ರಭಾವಿಯಾಗಿದ್ದ ಕೆನ್ ಅಡೆಲ್ಮನ್ ಅವರು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಇರಾಕ್ ವಿಮೋಚನೆ ಒಂದು ಕೇಕ್‌ವಾಕ್ ಆಗಲಿದೆ ಅಂತ ಬರೆದರು. ಮರುವರ್ಷ ಯುದ್ಧ ಶುರುವಾಯಿತು. ಅಮೆರಿಕದ ಪಡೆಗಳು ಅಲ್ಲಿಂದ ಹೊರಬಿದ್ದದ್ದು 2011ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಲಕ್ಷಕ್ಕೂ ಹೆಚ್ಚು ಇರಾಕಿಗಳು ಸತ್ತಿದ್ದರು.

ಕೋರ್ಟಿಗೆ ಬಂದರೆ ಈ ಪದ ಪೂರ್ತಿ ಉಲ್ಟಾ ಹೊಡೆಯುತ್ತದೆ. ಕ್ರಿಕೆಟ್‌ನಲ್ಲಿ ‘ವಾಕ್’ ಮಾಡಿದ ಅಂದರೆ ಅಂಪೈರ್ ಬೆರಳೆತ್ತುವುದಕ್ಕೆ ಕಾಯದೆ ತಾನೇ ಔಟ್ ಅಂತ ಒಪ್ಪಿಕೊಂಡು ಹೊರಟ ಎಂದರ್ಥ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರಿಗೆ ಹಾಗೆ ಹೊರಟುಬಿಡುವವರು ಎಂದೇ ಹೆಸರಿತ್ತು. ಅಮೆರಿಕದ ಕೋರ್ಟ್ ವರದಿಯಲ್ಲಿ ಆರೋಪಿ ‘ವಾಕ್’ ಮಾಡಿದ ಅಂದರೆ ಶಿಕ್ಷೆಯಿಲ್ಲದೆ ಪಾರಾದ ಎಂದರ್ಥ. ಅಲ್ಲಿಯೇ ‘ಪರ್ಪ್ ವಾಕ್’ ಎಂಬುದೂ ಇದೆ. ಬಂಧಿತನಿಗೆ ಬೇಡಿ ಹಾಕಿ, ಕ್ಯಾಮೆರಾಗಳು ಕಾಯುತ್ತಿರುವ ದಾರಿಯಲ್ಲೇ ನಡೆಸಿಕೊಂಡು ಹೋಗುವುದು. 2011ರ ಮೇ ತಿಂಗಳಲ್ಲಿ ಐಎಂಎಫ್ ಮುಖ್ಯಸ್ಥ ಡೊಮಿನಿಕ್ ಸ್ಟ್ರಾಸ್ ಕಾನ್ ಅವರನ್ನು ನ್ಯೂಯಾರ್ಕ್ ಪೊಲೀಸರು ಹೀಗೆ ನಡೆಸಿದಾಗ ಫ್ರಾನ್ಸ್ ಬೆಚ್ಚಿಬಿತ್ತು, ಏಕೆಂದರೆ ತೀರ್ಪು ಬರುವ ಮುಂಚೆ ಬೇಡಿ ತೊಟ್ಟವರ ಚಿತ್ರ ಪ್ರಕಟಿಸುವುದನ್ನು ಅಲ್ಲಿ 2000ದ ಕಾನೂನೊಂದು ತಡೆಯುತ್ತದೆ. ಆಗಸ್ಟ್‌ನಲ್ಲಿ ಕ್ರಿಮಿನಲ್ ಆರೋಪಗಳನ್ನು ಕೈಬಿಡಲಾಯಿತು. ಒಬ್ಬರೇ ಮನುಷ್ಯ, ಮೂರು ತಿಂಗಳಲ್ಲಿ ಎರಡೂ ಥರ ‘ವಾಕ್’. ಆದರೆ ಮೊದಲನೆಯದರ ಫೋಟೊ ಮಾತ್ರ ಎಲ್ಲರಿಗೂ ನೆನಪಿದೆ. ನಮ್ಮ ಸುಪ್ರೀಂ ಕೋರ್ಟ್ ಸಕಾರಣ ಇಲ್ಲದೆ ಬೇಡಿ ಹಾಕುವುದು ಅಮಾನವೀಯ ಅಂತ 1980ರಲ್ಲೇ ಹೇಳಿದೆ. ಆದರೂ ‘ರೌಡಿ ಪರೇಡ್’ ನಮ್ಮ ಟಿವಿಗಳಿಗೆ ಇವತ್ತಿಗೂ ಒಳ್ಳೆಯ ವಿಷುಯಲ್.

ಹಳ್ಳಿಗುಗ್ಗು ನಡಿಗೆ

ಈಗ ನನ್ನ ದೃಷ್ಟಿಯಲ್ಲಿ ಈ ಕುಟುಂಬದ ಅತ್ಯಂತ ಕಿಲಾಡಿ ಪದಕ್ಕೆ ಬರೋಣ: ಜೇವಾಕಿಂಗ್. ಸಿಗ್ನಲ್ ಇಲ್ಲದ ಕಡೆ, ಮನಸ್ಸಿಗೆ ಬಂದಂತೆ ರಸ್ತೆ ದಾಟುವುದು. ಅಮೆರಿಕದ ಆಡುಮಾತಿನಲ್ಲಿ ‘ಜೇ’ ಅಂದರೆ ಹಳ್ಳಿಗುಗ್ಗು, ಪೇಟೆ ನೋಡಿ ಕಂಗಾಲಾದ ಗಮಾರ. ಹಾಗಾಗಿ ಜೇವಾಕಿಂಗ್ ಅಂದರೆ ಹಳ್ಳಿಗುಗ್ಗುವಿನ ನಡಿಗೆ. ಒಂದು ಬೈಗುಳ ಹೇಗೆ ಕಾನೂನಾಯಿತು ಅನ್ನೋದೇ ಇದರ ಕತೆ.

ನೂರು ವರ್ಷದ ಹಿಂದೆ ರಸ್ತೆ ಎಲ್ಲರದ್ದಾಗಿತ್ತು. ಮಕ್ಕಳು ಅಲ್ಲೇ ಆಡುತ್ತಿದ್ದರು, ತಳ್ಳುಗಾಡಿಯವರು ಅಲ್ಲೇ ಮಾರುತ್ತಿದ್ದರು, ಜನ ಎಲ್ಲಿ ಬೇಕೋ ಅಲ್ಲಿ ದಾಟುತ್ತಿದ್ದರು. ಕಾರು ಹೊಸದಾಗಿ ಬಂದ ನೆಂಟ. ಆ ನೆಂಟ ಮಕ್ಕಳನ್ನು ಕೊಲ್ಲತೊಡಗಿದಾಗ ಜನರ ಸಿಟ್ಟು ತಿರುಗಿದ್ದು ಕಾರಿನ ಮೇಲೆಯೇ. 1923ರಲ್ಲಿ ಸಿನ್ಸಿನಾಟಿ ನಗರದ 42,000ಕ್ಕೂ ಹೆಚ್ಚು ಜನ ಒಂದು ಅರ್ಜಿಗೆ ಸಹಿ ಹಾಕಿದರು. ಅವರ ಬೇಡಿಕೆ, ಪ್ರತಿ ಕಾರಿಗೂ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ದಾಟದಂತೆ ಯಂತ್ರ ಅಳವಡಿಸಬೇಕು ಎಂಬುದು. ಕಾರು ಉದ್ಯಮ ನಡುಗಿತು. ಮಾರಾಟಗಾರರು, ಆಟೊಮೊಬೈಲ್ ಕ್ಲಬ್ಬುಗಳು ಒಂದಾಗಿ ಪ್ರಚಾರಕ್ಕೆ ಇಳಿದು, ಆ ಪ್ರಸ್ತಾವವನ್ನು ಮತದಾನದಲ್ಲಿ ಸೋಲಿಸಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ತಪ್ಪು ಯಾರದ್ದು ಅನ್ನೋದನ್ನೇ ಬದಲಿಸಬೇಕಿತ್ತು. ಇತಿಹಾಸಕಾರ ಪೀಟರ್ ನಾರ್ಟನ್ ‘ಫೈಟಿಂಗ್ ಟ್ರಾಫಿಕ್’ ಪುಸ್ತಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ರಸ್ತೆ ದಾಟುವವರನ್ನು ನಗೆಪಾಟಲು ಮಾಡುವುದು ಅವರ ದಾರಿಯಾಗಿತ್ತು. ಸ್ಕೌಟ್ ಹುಡುಗರ ಕೈಯಲ್ಲಿ ದಾರಿಹೋಕರಿಗೆ ಎಚ್ಚರಿಕೆಯ ಕಾರ್ಡ್ ಕೊಡಿಸಿದರು, ಸುರಕ್ಷತಾ ಮೆರವಣಿಗೆಗಳಲ್ಲಿ ಜೇವಾಕರ್ ವೇಷದ ಕೋಡಂಗಿಯನ್ನು ಕುಣಿಸಿದರು. 1925ರಲ್ಲಿ ಲಾಸ್ ಏಂಜಲೀಸ್ ಸಂಚಾರ ನಿಯಮ ಬಂತು, ಉಳಿದ ನಗರಗಳು ಹಿಂಬಾಲಿಸಿದವು. ಒಂದು ತಲೆಮಾರು ಕಳೆಯುವಷ್ಟರಲ್ಲಿ ರಸ್ತೆ ಕಾರಿನದ್ದಾಯಿತು, ಮನುಷ್ಯ ಅದರ ಮೇಲೆ ಅತಿಕ್ರಮಣ ಮಾಡುವವನಾದ.

ಕಾನೂನು ಬಂದ ಮೇಲೆ ಅದು ಯಾರ ಮೇಲೆ ಬೀಳುತ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ಮಿಸ್ಸೂರಿಯ ಫರ್ಗುಸನ್ ಪಟ್ಟಣದ ನಿಯಮಾವಳಿಯಲ್ಲಿ ಒಂದು ಅಪರಾಧದ ಹೆಸರೇ ‘ರಸ್ತೆಯಲ್ಲಿ ನಡೆಯುವ ರೀತಿ’. 2014ರ ಆಗಸ್ಟ್ 9ರಂದು 18 ವರ್ಷದ ಮೈಕಲ್ ಬ್ರೌನ್ ಗೆಳೆಯನ ಜತೆ ರಸ್ತೆಯ ನಡುವೆ ನಡೆದು ಹೋಗುತ್ತಿದ್ದ. ಪೊಲೀಸ್ ಅಧಿಕಾರಿಯೊಬ್ಬ ವಾಹನ ನಿಲ್ಲಿಸಿ ಪಕ್ಕದಲ್ಲಿ ನಡೆಯಿರಿ ಅಂದ. ಅಲ್ಲಿಂದ ಶುರುವಾದದ್ದು ಕೆಲವೇ ನಿಮಿಷದಲ್ಲಿ ಬ್ರೌನ್ ಗುಂಡೇಟಿಗೆ ಸಾಯುವುದರೊಂದಿಗೆ ಮುಗಿಯಿತು. ಗ್ರ್ಯಾಂಡ್ ಜ್ಯೂರಿ ಅಧಿಕಾರಿಯ ಮೇಲೆ ಆರೋಪ ಹೊರಿಸಲಿಲ್ಲ. ಆದರೆ 2015ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ ಊರಿನ ಪೊಲೀಸ್ ವ್ಯವಸ್ಥೆಯ ಬಗ್ಗೆ ಕೊಟ್ಟ ವರದಿಯಲ್ಲಿ ಒಂದು ಅಂಕಿ ಇತ್ತು: ಜನಸಂಖ್ಯೆಯಲ್ಲಿ ಸುಮಾರು 67% ಇದ್ದ ಕರಿಯರು, ‘ನಡೆಯುವ ರೀತಿ’ಯ ಪ್ರಕರಣಗಳಲ್ಲಿ 95% ಇದ್ದರು. ಎಲ್ಲರೂ ನಡೆಯುತ್ತಿದ್ದ ಊರಿನಲ್ಲಿ ಕರಿಯರ ನಡಿಗೆಗೆ ಮಾತ್ರ ‘ರೀತಿ’ ಇತ್ತು. ಕ್ಯಾಲಿಫೋರ್ನಿಯಾ 2023ರ ಜನವರಿಯಿಂದ, ಅಪಾಯ ಇಲ್ಲದ ಕಡೆ ರಸ್ತೆ ದಾಟುವವರಿಗೆ ದಂಡ ಹಾಕುವುದನ್ನು ನಿಲ್ಲಿಸಿದೆ. ನ್ಯೂಯಾರ್ಕ್ ನಗರ 2024ರಲ್ಲಿ ಜೇವಾಕಿಂಗನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು.

ನಮ್ಮಲ್ಲಿ ಜೇವಾಕಿಂಗ್ ಪದ ಅಷ್ಟು ಓಡುವುದಿಲ್ಲ, ಏಕೆಂದರೆ ದಾಟಲು ಸರಿಯಾದ ಜಾಗ ಇದ್ದರೆ ತಾನೇ ತಪ್ಪು ಜಾಗ ಅನ್ನೋದು. ಆದರೆ ಅದರ ಹಿಂದಿನ ತಿರಸ್ಕಾರ ಚೆನ್ನಾಗಿ ಓಡುತ್ತದೆ. ಕನ್ನಡದಲ್ಲಿ ‘ಪಾದಚಾರಿ’ ಅನ್ನೋ ಪದವನ್ನು ನೀವು ಕೊನೆಯ ಸಲ ಎಲ್ಲಿ ಓದಿದಿರಿ? ಹತ್ತರಲ್ಲಿ ಎಂಟು ಸಲ ‘ಅಪರಿಚಿತ ವಾಹನ ಡಿಕ್ಕಿ: ಪಾದಚಾರಿ ಸಾವು’ ಅನ್ನೋ ಸಿಂಗಲ್ ಕಾಲಂ ಸುದ್ದಿಯಲ್ಲಿ. ಬದುಕಿದ್ದಾಗ ಯಾರೂ ಯಾರನ್ನೂ ಪಾದಚಾರಿ ಅಂತ ಕರೆಯೋದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ 90. ಒತ್ತುವರಿ ಇಲ್ಲದ ಫುಟ್‌ಪಾತ್ ಜನರ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2025ರ ಮೇನಲ್ಲಿ.

ಹೆಣ್ಣು ನಡೆದರೆ ಇನ್ನೊಂದು ಪದ ಕಾಯುತ್ತಿರುತ್ತದೆ. ಇಂಗ್ಲಿಷಿನಲ್ಲಿ ‘ಸ್ಟ್ರೀಟ್‌ವಾಕರ್’ ಅಂದರೆ ಬೀದಿಯಲ್ಲಿ ನಡೆಯುವವರು ಅಂತಲ್ಲ, ಲೈಂಗಿಕ ವೃತ್ತಿಯವಳು ಅಂತ. ನ್ಯೂಯಾರ್ಕ್ ರಾಜ್ಯದಲ್ಲಿ 1976ರಿಂದ ಇದ್ದ ಅಲೆದಾಟ ವಿರೋಧಿ ಕಾನೂನಿನಡಿ, ಸುಮ್ಮನೆ ರಸ್ತೆಯಲ್ಲಿದ್ದ ಟ್ರಾನ್ಸ್ ಮಹಿಳೆಯರನ್ನು ಪೊಲೀಸರು ಹಿಡಿಯುತ್ತಿದ್ದರು. ಜನ ಅದನ್ನು ‘ಟ್ರಾನ್ಸ್ ಆಗಿ ನಡೆದ ಅಪರಾಧ’ದ ಕಾನೂನು ಅಂತಲೇ ಕರೆದರು. 2021ರ ಫೆಬ್ರವರಿಯಲ್ಲಿ ಅದು ರದ್ದಾಯಿತು. ಈ ವಿಷಯದಲ್ಲಿ ಕನ್ನಡವೂ ಹಿಂದೆ ಬಿದ್ದಿಲ್ಲ. ‘ನಡೆ’ಯಿಂದಲೇ ‘ನಡತೆ’ ಬಂತು. ಶರಣರ ಕಾಲದಿಂದ ನಡೆ-ನುಡಿ ಒಂದಾಗಿರಬೇಕು ಅನ್ನೋದು ನಮ್ಮ ದೊಡ್ಡ ಅಳತೆಗೋಲು. ಇಂಗ್ಲಿಷಿನವರು ‘ವಾಕ್ ದ ಟಾಕ್’ ಅನ್ನೋದನ್ನು ಕಂಡುಕೊಳ್ಳುವ ಎಷ್ಟೋ ಶತಮಾನ ಮುಂಚೆ ನಮ್ಮಲ್ಲಿತ್ತು. ಈಗ ಸರ್ಕಾರಿ ಜಾಹೀರಾತುಗಳವರೆಗೂ ಬಂದು ನಿಂತಿದೆ. ಆದರೆ ‘ನಡತೆಗೆಟ್ಟ’ ಅನ್ನೋ ವಿಶೇಷಣದ ಮುಂದೆ ಗಂಡಸಿನ ಹೆಸರು ಎಷ್ಟು ಸಲ ಕೇಳಿದ್ದೀರಿ?

ಪಾದಯಾತ್ರೆ ಮತ್ತು ಕಾಲ್ನಡಿಗೆ

ಇಂಗ್ಲಿಷಿನಲ್ಲಿ ಒಂದು ಭಾಷಣ ಸಪ್ಪೆಯಾಗಿತ್ತು ಅನ್ನೋಕೆ ‘ಪೆಡೆಸ್ಟ್ರಿಯನ್’ ಅಂತಾರೆ. ಪಾದಚಾರಿಯೂ ಅದೇ ಪದ, ನೀರಸವೂ ಅದೇ ಪದ. ಕುದುರೆ ಮೇಲಿದ್ದವನು ಶ್ರೇಷ್ಠ, ನೆಲದ ಮೇಲಿದ್ದವನು ಸಾಮಾನ್ಯ ಅನ್ನೋ ರೋಮನ್ನರ ಕಾಲದ ಏಣಿಶ್ರೇಣಿ ಅದರಲ್ಲಿ ಇನ್ನೂ ಉಸಿರಾಡುತ್ತಿದೆ. ನಮ್ಮ ಸರ್ಕಾರಿ ಕಚೇರಿಗಳ ‘ಪ್ಯೂನ್’ ಪದ ಪೋರ್ಚುಗೀಸರಿಂದ ಬಂದದ್ದು. ಮೂಲ ಅರ್ಥ ಕಾಲಾಳು. ಚದುರಂಗದ ಪಾನ್ ಕೂಡ ಅದೇ ಬೇರಿನದು. ಪಕ್ಷದ ಭಾಷೆಯಲ್ಲಿ ಕಾರ್ಯಕರ್ತರನ್ನು ನಾವು ಇವತ್ತಿಗೂ ಕಾಲಾಳುಗಳು ಅಂತೀವಿ, ಟಿಕೆಟ್ ಕೊಡುವಾಗ ಮಾತ್ರ ಕುದುರೆ ಸವಾರರನ್ನು ಹುಡುಕುತ್ತೀವಿ.

ಆದರೆ ಸವಾರನೇ ಕೆಳಗಿಳಿದು ನಡೆದರೆ? ಆಗ ಅದು ಪಾದಯಾತ್ರೆ. ಇಂಗ್ಲಿಷ್ ಪತ್ರಿಕೆಗಳೂ ಇದನ್ನು ವಾಕ್ ಅನ್ನೋದಿಲ್ಲ, ಮಾರ್ಚ್ ಅನ್ನುತ್ತವೆ ಅಥವಾ ಪಾದಯಾತ್ರೆ ಅಂತಲೇ ಬರೆಯುತ್ತವೆ. 2010ರಲ್ಲಿ ಸಿದ್ದರಾಮಯ್ಯ ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದರು. 2022ರಲ್ಲಿ ಮೇಕೆದಾಟು ಪಾದಯಾತ್ರೆ, ಅದೇ ವರ್ಷ ರಾಹುಲ್ ಗಾಂಧಿಯ ಭಾರತ್ ಜೋಡೊ, 2024ರ ಆಗಸ್ಟ್‌ನಲ್ಲಿ ಮುಡಾ ವಿಚಾರಕ್ಕೆ ಬಿಜೆಪಿ-ಜೆಡಿಎಸ್‌ನವರ ಬೆಂಗಳೂರು-ಮೈಸೂರು ನಡಿಗೆ. ಇವುಗಳನ್ನು ನಾನು ಗೇಲಿ ಮಾಡ್ತಿಲ್ಲ. ನಡೆದಾಗ ಊರು ಕಾಣುತ್ತದೆ, ಮುಖ ಕಾಣುತ್ತದೆ, ಕಾರಿನ ಗಾಜಿನಿಂದ ಕಾಣದ್ದು ಕಾಣುತ್ತದೆ. ಬಳ್ಳಾರಿ ನಡಿಗೆಯಂತೂ ರಾಜ್ಯ ರಾಜಕಾರಣದ ದಿಕ್ಕನ್ನೇ ಬದಲಿಸಿತು. ಆದರೆ ನಾಯಕನ ನಡಿಗೆ ಸುದ್ದಿಯಾಗೋದು ಅವನು ನಡೆಯದೆಯೂ ಇರಬಹುದಿತ್ತು ಅನ್ನೋ ಕಾರಣಕ್ಕೆ. ಬೊಬ್ಬೆ ಎದ್ದ ಪಾದದ ಫೋಟೊ ಪತ್ರಿಕೆಯಲ್ಲಿ ಬರೋದು ಆ ಪಾದಕ್ಕೆ ಕಾರು ಇತ್ತು ಅನ್ನೋ ಕಾರಣಕ್ಕೆ.

ನಡೆಯೋ ಹಕ್ಕೇ ಇಲ್ಲದವರು ನಡೆದದ್ದು ಇದಕ್ಕಿಂತ ಬೇರೆ ಜಾತಿಯ ನಡಿಗೆ. ವೈಕಂ ಸತ್ಯಾಗ್ರಹವನ್ನು ನಾವು ಎಷ್ಟೋ ಸಲ ದೇವಾಲಯ ಪ್ರವೇಶದ ಹೋರಾಟ ಅಂತ ಬರೆದುಬಿಡುತ್ತೇವೆ. 1924ರ ಮಾರ್ಚ್ 30ರಂದು ತಿರುವಾಂಕೂರಿನಲ್ಲಿ ಅದು ಶುರುವಾದದ್ದು ಗುಡಿಯ ಒಳಗೆ ಹೋಗಲು ಅಲ್ಲ, ಗುಡಿಯ ಸುತ್ತಲಿನ ಸಾರ್ವಜನಿಕ ರಸ್ತೆಯಲ್ಲಿ ನಡೆಯಲು. ಸತ್ಯಾಗ್ರಹಿಗಳು ಮಾಡಿದ್ದು ಇಷ್ಟೇ: ನಿಷೇಧದ ಫಲಕದ ಕಡೆಗೆ ನಡೆದರು, ಬಂಧನಕ್ಕೊಳಗಾದರು. ಇಪ್ಪತ್ತು ತಿಂಗಳ ನಂತರ ಮೂರು ದಿಕ್ಕಿನ ರಸ್ತೆಗಳು ತೆರೆದವು. ಪೂರ್ವದ ರಸ್ತೆ ಮುಚ್ಚಿಯೇ ಉಳಿಯಿತು.

ಇನ್ನು 2020. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟವರ ನಡಿಗೆಗೆ ಇಂಗ್ಲಿಷ್ ಪತ್ರಿಕೆಗಳು ‘ಟ್ರೆಕ್’ ಎಂದು ಬರೆದವು. ಕುಮಾರಪರ್ವತ ಹತ್ತುವ ನಮ್ಮ ವೀಕೆಂಡ್ ಟ್ರೆಕ್‌ನ ಪದವೇ. ಕನ್ನಡದಲ್ಲಿ ‘ಕಾಲ್ನಡಿಗೆಯಲ್ಲೇ ಊರಿನತ್ತ’ ಅಂತ ಬಂತು, ಇದ್ದುದರಲ್ಲಿ ಪ್ರಾಮಾಣಿಕ. ಮೇ 5ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಬಿಲ್ಡರ್‌ಗಳ ಜತೆ ಸಭೆ ನಡೆಸಿದ ಬೆನ್ನಿಗೆ, ವಲಸೆ ಕಾರ್ಮಿಕರಿಗಾಗಿ ಬಿಡಬೇಕಿದ್ದ ರೈಲುಗಳು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕಟ್ಟಡ ಕೆಲಸ ಮತ್ತೆ ಶುರುವಾಗಬೇಕಿತ್ತು, ಕೈಗಳು ಬೇಕಿದ್ದವು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನದಲ್ಲಿ ನಿರ್ಧಾರ ವಾಪಸಾಯಿತು. ಅಷ್ಟರಲ್ಲಿ ಎಷ್ಟೋ ಜನ ರೈಲನ್ನು ಕಾಯುವುದು ಬಿಟ್ಟು ಹೆದ್ದಾರಿ ಹಿಡಿದಿದ್ದರು. ಅದನ್ನು ವಾಕೌಟ್ ಅಂತ ಯಾವ ಪತ್ರಿಕೆಯೂ ಕರೆಯಲಿಲ್ಲ. ಸರಿಯಾಗಿ ನೋಡಿದರೆ, ಕೆಲಸ ಬಿಟ್ಟು, ಊರು ಬಿಟ್ಟು, ಮಾಲೀಕರ ಮಾತಿಗೆ ಬೆನ್ನು ಹಾಕಿ ಹೊರನಡೆದವರು ಅವರು.

ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಬಳಿ, ನಡೆದು ದಣಿದು ಹಳಿಗಳ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಒಂದು ವಾರದ ನಂತರ ಸುಪ್ರೀಂ ಕೋರ್ಟ್ ಮುಂದೆ ಅರ್ಜಿ ಬಂದಾಗ, ಯಾರು ನಡೆಯುತ್ತಿದ್ದಾರೆ ಯಾರು ನಡೆಯುತ್ತಿಲ್ಲ ಅಂತ ಕೋರ್ಟು ನಿಗಾ ಇಡಲು ಸಾಧ್ಯವಿಲ್ಲ ಎಂದಿತು ಪೀಠ. ಸೆಪ್ಟೆಂಬರ್‌ನಲ್ಲಿ ಲೋಕಸಭೆಗೆ ಸರ್ಕಾರ ಕೊಟ್ಟ ಲಿಖಿತ ಉತ್ತರದಲ್ಲಿ, ಕಾಲ್ನಡಿಗೆಯಲ್ಲಿ ಹೋದವರೂ ಸೇರಿದಂತೆ 1.06 ಕೋಟಿಗೂ ಹೆಚ್ಚು ಕಾರ್ಮಿಕರು ತಮ್ಮ ರಾಜ್ಯಗಳಿಗೆ ಮರಳಿದರು ಅಂತಿತ್ತು. ನಡೆದವರ ಲೆಕ್ಕ ಬೇರೆಯಾಗಿ ಇರಲಿಲ್ಲ, ಅವರು ‘ಸೇರಿದಂತೆ’ಯಲ್ಲಿ ಸೇರಿಹೋಗಿದ್ದರು. ದಾರಿಯಲ್ಲಿ ಸತ್ತವರೆಷ್ಟು, ಕುಟುಂಬಕ್ಕೆ ಪರಿಹಾರ ಕೊಟ್ಟಿದ್ದೀರಾ ಅನ್ನೋ ಪ್ರಶ್ನೆಗೆ ಅದೇ ತಿಂಗಳು ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ದತ್ತಾಂಶ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ.